ಹಾಡಿನ ಡಬ್ಬಿಯೊಳಗೆ ಅಜ್ಜನ ಮಾತು

ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ, ಅಷ್ಟೇ. ಹೊಟ್ಟೆಯಲ್ಲಿ ಒಂದು ಸಣ್ಣ ಸೆಲ್ಲು. ಗುಂಡಿ ಒತ್ತಿ ಹಿಡಿದರೆ ನೀಲಿ ಬೆಳಕು ಹೊತ್ತಿಕೊಳ್ಳುತ್ತಿತ್ತು, ಆಮೇಲೆ ಇಡೀ ವಾದ್ಯಮೇಳವೇ ಕಿವಿಯೊಳಗೆ ಬಂದು ಕೂಡುತ್ತಿತ್ತು. ಎರಡು ಸಾವಿರದ ಐದೋ ಆರೋ ಇಸವಿ. ಹಾವೇರಿ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಆ ಎಂಪಿತ್ರೀ ಪ್ಲೇಯರ್ ಕೊಂಡು, ಅಲ್ಲೇ ಹಾಡು ತುಂಬಿಸಿಕೊಂಡು, ಬ್ಯಾಡಗಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಖರೇ ಹೇಳುತ್ತೇನೆ, ಮೈ ಜುಮ್ಮೆಂದಿತು. ಕಂಡಕ್ಟರ್ ಬಾಯಿ ಆಡಿಸುತ್ತಿದ್ದ, ಕೇಳಿಸುತ್ತಿರಲಿಲ್ಲ. ಹಿಂದಿನ ಸೀಟಿನ ಕೂಸು ಬಾಯಿ ತೆರೆದು ಅಳುತ್ತಿತ್ತು, ಅದೂ ಕೇಳಿಸುತ್ತಿರಲಿಲ್ಲ. ತುಂಬಿದ ಬಸ್ಸಿನಲ್ಲಿ ಯಾರೋ ನನ್ನೊಬ್ಬಳಿಗಾಗಿ ಹಾಡುತ್ತಿದ್ದರು. ಕ್ಯಾಸೆಟ್ಟಿಲ್ಲ, ಸುರುಳಿ ಸಿಕ್ಕಿಕೊಳ್ಳುವುದಿಲ್ಲ, ಪೆನ್ಸಿಲ್ ಹಾಕಿ ತಿರುಗಿಸಬೇಕಿಲ್ಲ. ಇಷ್ಟು ಸಣ್ಣ ವಸ್ತುವಿನಲ್ಲಿ ಇಷ್ಟೆಲ್ಲ ಎಲ್ಲಿ ಕೂತಿದೆ ಎಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ನನ್ನ ಸ್ಟಾಪು ದಾಟಿಹೋದದ್ದೂ ಗೊತ್ತಾಗಲಿಲ್ಲ.

ನಾನಾಗ ಹಾವೇರಿಯ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ದಿನವಿಡೀ ಮಕ್ಕಳ ಗದ್ದಲ. ಬ್ಯಾಡಗಿಯ ಮನೆಗೆ ಬಂದರೆ ಅದಕ್ಕಿಂತ ಹೆಚ್ಚು ಗದ್ದಲ. ಯಾಕೆಂದರೆ ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಕಿವಿ ಹೋಗಿತ್ತು. ಅನ್ನ ಬೇಕೇನು ಎಂದು ಅವ್ವ ಕೇಳಿದರೆ ಎದುರು ಮನೆಯವರು ಬೇಡ ಎನ್ನಬೇಕು, ಅಷ್ಟು ಜೋರು. ಕಿವಿ ಕೇಳದವರಿಗೆ ತಮ್ಮ ದನಿಯ ಅಂದಾಜೂ ಸಿಗುವುದಿಲ್ಲ ನೋಡಿ, ಆಯಿಯೂ ಹಾಗೇ ಮಾತಾಡುತ್ತಿದ್ದಳು. ಅವಳು ಹೇಳಿದ ಗುಟ್ಟು ಓಣಿಯ ಕೊನೆಯ ಮನೆಗೆ ಮುಟ್ಟುತ್ತಿತ್ತು. ಅಪ್ಪ ಅವಳನ್ನು ದಾವಣಗೆರೆಗೆ ಕರೆದೊಯ್ದು ಕಿವಿಗೆ ಹಾಕುವ ಮಷೀನು ಕೊಡಿಸಿದ್ದ. ಪಾತ್ರೆ ಸಪ್ಪಳ, ಕಾಗೆ, ಗಿರಣಿ ಎಲ್ಲ ಒಟ್ಟಿಗೇ ತಲೆಯೊಳಗೆ ನುಗ್ಗುತ್ತವೆ, ಮೇಲೆ ಸಿಳ್ಳೆ ಬೇರೆ ಎಂದು ಬೈದು ಆಯಿ ಅದನ್ನು ಟ್ರಂಕಿಗೆ ಹಾಕಿಬಿಟ್ಟಿದ್ದಳು.

ಈ ಗದ್ದಲದಲ್ಲಿ ದನಿ ಎತ್ತದವನು ಅಜ್ಜ ಒಬ್ಬನೇ. ಅವನ ದನಿಯೇ ಸಣ್ಣದು. ಹರೆಯದಲ್ಲಿ ಅವನು ದನದ ಸಂತೆಯ ದಲಾಲ. ಹಾವೇರಿ, ರಾಣೆಬೆನ್ನೂರು ಎಂದು ಸಂತೆಯಿಂದ ಸಂತೆಗೆ ತಿರುಗಿದವನು. ಅಲ್ಲಿಯ ವ್ಯಾಪಾರಕ್ಕೆ ಬಾಯಿ ಬೇಕಿಲ್ಲ. ಕೊಳ್ಳುವವನ ಕೈ ಮೇಲೆ ಟವೆಲ್ಲು ಹಾಕಿ, ಅದರ ಕೆಳಗೆ ಬೆರಳು ಹಿಡಿದು ಒತ್ತಿದರೆ ರೇಟು ತಿಳಿಯುತ್ತದೆ. ಸುತ್ತ ನಿಂತವರಿಗೆ ಟವೆಲ್ಲು ಅಲುಗಾಡಿದ್ದಷ್ಟೇ ಕಾಣುತ್ತದೆ. ಹಾಗೆ ಜೀವನ ಕಳೆದ ಮನುಷ್ಯ ಮನೆಯಲ್ಲೂ ಪಿಸುಮಾತಿನವನೇ. ಆಯಿಯ ಕಿವಿ ಹೋದ ಮೇಲೆ ಒಮ್ಮೆ ಮಾತ್ರ, ನೀರು ಕಾದಿದೆ ಎಂದು ಹೇಳಲು, ಇದ್ದಬದ್ದ ಶಕ್ತಿ ಕೂಡಿಸಿ ಕೂಗಿದ್ದ. ಎದುರು ಮನೆಯ ಹಿರಿಯರು ಚಪ್ಪಲಿ ಹಾಕಿಕೊಳ್ಳದೆ ಓಡಿಬಂದು, ಈ ವಯಸ್ಸಿನಲ್ಲಿ ಹೆಂಗಸಿಗೆ ಯಾಕೆ ಬೈಯುತ್ತೀರಿ, ಸಮಾಧಾನ ಮಾಡಿಕೊಳ್ಳಿ ಎಂದು ಬುದ್ಧಿ ಹೇಳಿದರು. ಅಜ್ಜನ ಮುಖ ಸುಣ್ಣದಂತಾಯಿತು. ಅಂದಿನಿಂದ ಅವನು ಆಯಿಯೊಡನೆ ಮಾತಾಡುವುದನ್ನೇ ಬಿಟ್ಟ. ಏನಿದ್ದರೂ ನಮ್ಮ ಕಡೆ ತಿರುಗಿ, ನಿಮ್ಮ ಆಯಿಗೆ ಹೇಳು ಎನ್ನುತ್ತಿದ್ದ. ನಾವು ಒದರುತ್ತಿದ್ದೆವು.

ಆಯಿ ಇದನ್ನು ಬೇರೆ ರೀತಿ ತಿಳಿದುಕೊಂಡಿದ್ದಳು. ಮೆಣಸಿನಕಾಯಿಯ ಸುಗ್ಗಿ ನಡೆದಾಗ ನಮ್ಮ ಪಡಸಾಲೆಯಲ್ಲಿ ಚೀಲ ಸುರಿದುಕೊಂಡು ಅವ್ವ, ಆಯಿ, ಓಣಿಯ ಒಂದಿಬ್ಬರು ಹೆಂಗಸರು ತುಂಬು ಬಿಡಿಸಲು ಕೂಡುತ್ತಿದ್ದರು. ತುಂಬು ಎಂದರೆ ಕಾಯಿಯ ತೊಟ್ಟು. ಆಯಿ ಯಾವತ್ತೂ ಬಾಗಿಲಿಗೆ ಬೆನ್ನು ಮಾಡಿ ಕೂಡುವವಳು. ಹಾಗೆ ಕೂತರೆ ಬೆಳಕು ಕಣ್ಣಿಗೆ ಹೊಡೆಯದೆ ಹೆಗಲ ಮೇಲಿಂದ ಉಡಿಗೆ ಬೀಳುತ್ತದೆ, ಕೆಟ್ಟ ಕಾಯಿ ತಟ್ಟನೆ ಕಾಣುತ್ತದೆ. ಒಂದು ರಜೆಯ ದಿನ ಅವಳ ಪಕ್ಕ ಕೂತು ನಾನೂ ತುಂಬು ಮುರಿಯುತ್ತಿದ್ದಾಗ ಅವಳು ಮುಖ ಎತ್ತದೆ ಹೇಳಿದಳು:

"ನಿಮ್ಮ ಅಜ್ಜ ನನ್ನ ಕೂಡ ಮಾತು ಬಿಟ್ಟಾರ. ಕುಪ್ಪೇಲೂರಾಗ ನಮ್ಮ ಭಾವ ತೀರಿಕೊಂಡಾಗ ನನ್ನ ಮಣ್ಣಿಗೆ ಕರೀಲಿಲ್ಲ. ತಾವೊಬ್ಬರ ಬಸ್ ಹತ್ತಿ ಹೋದ್ರು. ಆ ಮನಿಗೆ ನಾ ಸಣ್ಣಾಕಿ ಇದ್ದಾಗ ಬಂದಾಕಿ, ಅವ್ರ ಕೈಯಾಗ ಬೆಳದಾಕಿ. ಮಣ್ಣಿಗೆ ಕರೀದಷ್ಟು ನಾ ಏನ್ ಮಾಡಿದ್ದೆ?"

ಇದು ಗುಟ್ಟಿನ ಮಾತು. ಓಣಿಗೆಲ್ಲ ಕೇಳಿತು. ಅಜ್ಜ ಮಾತ್ರ ಆ ಹೊತ್ತಿಗೆ ಮನೆಯಲ್ಲಿರಲಿಲ್ಲ.

ಭಾವ ಎಂದರೆ ಅಜ್ಜನ ಅಣ್ಣ, ಮಣ್ಣು ಎಂದರೆ ಅಂತ್ಯಕ್ರಿಯೆ. ಅವರು ಹೋಗಿ ಆಗ ಎರಡು ಮೂರು ವರ್ಷ ಆಗಿರಬೇಕು. ಆ ನೋವನ್ನು ಆಯಿ ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದಳು. ಈಗ ಇನ್ನು ಸಾಕೆಂದು ನಿರ್ಧಾರ ಮಾಡಿದ್ದಳು. ರಾಣೆಬೆನ್ನೂರಿನಲ್ಲಿರುವ ಮಗಳ ಮನೆಗೆ, ಅಂದರೆ ನನ್ನ ಸೋದರತ್ತೆಯ ಮನೆಗೆ, ಇರಲು ಹೋಗುವುದು. ನಾಲ್ಕು ದಿನಕ್ಕಲ್ಲ, ಕಾಯಂ. ಮಾತಾಡದವರ ಮನೆಯಲ್ಲಿ ಯಾಕೆ ಬಿದ್ದಿರಬೇಕು ಎಂಬುದು ಅವಳ ಮಾತು. ಅತ್ತೆಯೂ ಹೂಂ ಎಂದಿದ್ದಳು, ಮುಂದಿನ ರವಿವಾರ ಬಂದು ಕರೆದೊಯ್ಯುತ್ತೇನೆ ಎಂದು ಫೋನು ಮಾಡಿದ್ದಳು. ಆಯಿಯ ಸೀರೆಗಳು ಆಗಲೇ ಬ್ಯಾಗಿಗೆ ಹೋಗಿದ್ದವು. ಅಜ್ಜ ಆ ಬ್ಯಾಗನ್ನು ನೋಡಿಯೂ ಏನೂ ಅನ್ನಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇದು ಜಗಳವಾಗಿದ್ದರೆ ಮುಗಿಯುತ್ತಿತ್ತು, ಇವರಿಬ್ಬರೂ ಜಗಳವನ್ನೇ ಆಡಿರಲಿಲ್ಲವಲ್ಲ!

ಈ ಸಂಕಟ ಕೇಳಲಾರದೆ ನಾನು ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೆಲಸ ಮುಂದುವರಿಸಿದೆ. ಆಯಿ ನನ್ನ ಕಡೆ ನೋಡಿದಳು. ಕಿವಿ ನೋಯುತ್ತಿದೆಯೇನು, ಅರಳೆ ಯಾಕೆ ಇಟ್ಟುಕೊಂಡಿದ್ದೀ ಎಂದು ಕೇಳಿದಳು. ನನಗೆ ನಗು ಬಂತು. ಅರಳೆಯಲ್ಲ ನೋಡು ಎಂದು ಕೈಸನ್ನೆ ಮಾಡಿ, ವಯರಿನ ತುದಿಯ ಒಂದು ಗುಂಡನ್ನು ನನ್ನ ಕಿವಿಯಿಂದ ತೆಗೆದು ಅವಳ ಕಿವಿಗೆ ಇಟ್ಟೆ. ಅವ್ವ ಹಿಂದಿನಿಂದ, "ಕಿವುಡರ ಮುಂದ ಕಿನ್ನರಿ ಬಾರಿಸಾಕತ್ತಾಳ ನೋಡ್ರಿ ನಮ್ಮ ಶ್ಯಾಣ್ಯಾಕಿ" ಎಂದು ಚೇಷ್ಟೆ ಮಾಡಿದಳು. ನನಗೂ ಹಟ ಬಂತು. ದನಿಯನ್ನು ಏರಿಸುವಷ್ಟು ಏರಿಸಿದೆ.

ಆಯಿಯ ಕೈ ನಿಂತಿತು.

ಆ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಮೊದಲು ಅವಳು ತೊಲೆಯ ಕಡೆ ನೋಡಿದಳು. ಆಮೇಲೆ ಅಡುಗೆಮನೆಯ ಬಾಗಿಲು ನೋಡಿದಳು. ಆಮೇಲೆ ಪಕ್ಕದವಳ ಬಾಯಿ ನೋಡಿದಳು, ಅದು ಮುಚ್ಚಿತ್ತು. "ಯಾರೀಕಿ ಹಾಡಾಕತ್ತಾಳ? ಎಲ್ಲಿ ಕುಂತಾಳ?" ಎಂದು ಕೇಳಿದಳು. ಅವ್ವ ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು. ಆಯಿ ಕಣ್ಣು ಮುಚ್ಚಿ ಮೆಲ್ಲಗೆ ತಲೆ ತೂಗಿದಳು, ಅದೂ ತಾಳಕ್ಕೆ ಸರಿಯಾಗಿ. ದಾವಣಗೆರೆಯ ಡಾಕ್ಟರ ಕೈಯಲ್ಲಿ ಆಗದ್ದು ಬೆಂಕಿಪೊಟ್ಟಣದಂಥ ಡಬ್ಬಿಯಿಂದ ಆಗಿತ್ತು. ದೇವರ ಗುಡಿಯಲ್ಲೂ ನನಗೆ ಅಂಥ ಭಕ್ತಿ ಹುಟ್ಟಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಒಂದು ಹಾಡು ಮುಗಿಯುವುದರೊಳಗೆ ಆಯಿ ಚೀರಿದಳು. ಕಿವಿಯಿಂದ ಗುಂಡನ್ನು ಕಿತ್ತೊಗೆದು, ಉರಿ, ಉರಿ ಎಂದು ಕುಣಿದಾಡಿದಳು. ಅಪ್ಪ ಹಿತ್ತಲಿನಿಂದ ಓಡಿಬಂದ. ಕರೆಂಟಿನ ಸಾಮಾನು ಮುದುಕಿಯ ಕಿವಿಗೆ ಯಾಕೆ ಇಟ್ಟೆ, ಬುದ್ಧಿ ಎಲ್ಲಿಟ್ಟೀದಿ ಎಂದು ನನಗೆ ಸಹಸ್ರನಾಮ ಹಾಡಿದ. ಕಿವಿ ಸುಟ್ಟಿತು, ಕಿವಿ ಸುಟ್ಟಿತು ಎಂದು ಓಣಿಯೆಲ್ಲ ಸುದ್ದಿಯಾಯಿತು. ಒಂದು ಸೆಲ್ಲಿನಿಂದ ಏನು ಸುಡುತ್ತದೆ ಎಂದು ನಾನು ವಾದಿಸುತ್ತಿದ್ದೆ. ಅಷ್ಟರಲ್ಲಿ ಅವ್ವ ನನ್ನ ಕೈ ಹಿಡಿದೆಳೆದು, ನನ್ನ ಮೂಗಿಗೇ ಒಡ್ಡಿದಳು. ನನಗೆ ಅಲ್ಲೇ ಸೀನು ಬಂತು. ಮುಂಜಾನೆಯಿಂದ ತುಂಬು ಬಿಡಿಸಿದ ಕೈಯಿಂದಲೇ ಗುಂಡನ್ನು ಹಿಡಿದು ಕಿವಿಗೆ ತುರುಕಿದ್ದೆನಲ್ಲ! ಸುಟ್ಟಿದ್ದು ಮಷೀನಲ್ಲ, ನಮ್ಮೂರಿನ ಮೆಣಸಿನಕಾಯಿ. ಎಣ್ಣೆ ಹಚ್ಚಿ, ಒರೆಸಿ, ಆಯಿಯನ್ನು ಸಮಾಧಾನ ಮಾಡಿದೆವು. ಅವಳು ಉರಿಯುವ ಕಿವಿಯನ್ನು ಹಿಡಿದುಕೊಂಡೇ, ಆಕೆಯ ಹಾಡು ಪೂರಾ ಆಗಲಿಲ್ಲ, ಹಚ್ಚು ಎಂದಳು.

ಈ ಸಲ ಕೈ ತೊಳೆದುಕೊಂಡು, ಗುಂಡನ್ನೂ ಒರೆಸಿ ಹಚ್ಚಿದೆ. ಆಗಲೇ ನನಗೆ ಆ ಡಬ್ಬಿಯ ಇನ್ನೊಂದು ಗುಣ ನೆನಪಾಯಿತು. ಅಂಗಡಿಯವನು ತೋರಿಸಿಕೊಟ್ಟಿದ್ದ: ಪಕ್ಕದ ಗುಂಡಿ ಒತ್ತಿ ಮಾತಾಡಿದರೆ ಮಾತು ಒಳಗೆ ಹೋಗಿ ಕೂಡುತ್ತದೆ. ಅವ್ವನ ಬಾಯಿಯ ಮುಂದೆ ಹಿಡಿದು ಏನಾದರೂ ಹೇಳು ಎಂದೆ. ಅವ್ವ ನಾಚಿಕೊಂಡು, ಅತ್ತಿ, ರೊಟ್ಟಿ ಬಿಸಿ ಅದಾವು, ಊಟಕ್ಕ ಬರ್ರಿ ಎಂದಳು, ಅಷ್ಟೇ. ಅದನ್ನು ಆಯಿಯ ಕಿವಿಗೆ ಇಟ್ಟೆ. ಆಯಿ ಸೊಸೆಯನ್ನೇ ದಿಟ್ಟಿಸಿ ನೋಡಿದಳು.

"ನೀ ಇಷ್ಟು ಮೆತ್ತಗ ಮಾತಾಡ್ತೀಯೇನವ್ವ? ನನಗ ಇಷ್ಟ ದಿನಾ ಬರೇ ಒದರೂದ ಕೇಳಿಸ್ತಿತ್ತು."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮೆಣಸಿನಕಾಯಿಯ ಘಾಟು ಎಂದು ನೆಪ ಹೇಳಿದಳು. ನನಗೆ ಮುಂದಿನ ಕೆಲಸ ಏನೆಂದು ಅಲ್ಲೇ ಗೊತ್ತಾಯಿತು.

ಆದರೆ ಅಜ್ಜ ಒಪ್ಪಬೇಕಲ್ಲ? ಸಂಜೆ ಅವನು ಬಂದಾಗ ಡಬ್ಬಿ ಹಿಡಿದು ನಿಂತೆ. ಅವನು ಅದನ್ನು ಹೊರಳಿಸಿ ನೋಡಿ, ಚಲೋ ಐತಿ ಎಂದು ಹಿಂದಕ್ಕೆ ಕೊಟ್ಟ. ತಾನು ಹೇಳುವುದೇನಿದೆ, ಆಕೆಗೆ ಮಗಳ ಮನೆ ಚಲೋ ಅನಿಸಿದೆ, ಹೋಗಲಿ ಬಿಡು ಎಂದ. ನಾಲ್ಕು ದಿನ ಹೀಗೇ ಕಳೆಯಿತು. ಬೆಳಿಗ್ಗೆ ಕೇಳಿದರೂ ಅದೇ ಉತ್ತರ, ಸಂಜೆ ಕೇಳಿದರೂ ಅದೇ. ನನಗೂ ತಾಳ್ಮೆ ಕಮ್ಮಿ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳೇ ಹಿತ್ತಲಿನಲ್ಲಿ ಕೂತಿದ್ದ ಅಜ್ಜನ ಮೇಲೆ ಹರಿಹಾಯ್ದೆ. ಅಣ್ಣನ ಮಣ್ಣಿಗೆ ಹೆಂಡತಿಯನ್ನು ಕರೆಯದೆ ಹೋದವನು ನೀನು, ಆಮೇಲೆ ಮಾತೂ ಬಿಟ್ಟೆ, ಈಗ ಅವಳು ಮನೆ ಬಿಟ್ಟು ಹೊರಟರೂ ನಿನಗೆ ಏನೂ ಅನಿಸುವುದಿಲ್ಲವೇ ಎಂದೆ. ಹಿರಿಯರಿಗೆ ಹಾಗೆ ಅನ್ನಬಾರದಿತ್ತು, ಆದರೆ ಅಂದುಬಿಟ್ಟೆ.

ಅಜ್ಜ ನನ್ನನ್ನೇ ನೋಡಿದ. "ಕರದಿದ್ದೆನಲ್ಲ" ಎಂದ.

ನನಗೆ ಅರ್ಥವಾಗಲಿಲ್ಲ. ಅವನು ತನ್ನ ಸಣ್ಣ ದನಿಯಲ್ಲಿ ನಿಧಾನವಾಗಿ ಹೇಳಿದ. ಸುದ್ದಿ ಬಂದಾಗ ಆಯಿ ಪಡಸಾಲೆಯಲ್ಲಿ ತುಂಬು ಬಿಡಿಸುತ್ತ ಕೂತಿದ್ದಳಂತೆ. ಬಾಗಿಲಲ್ಲಿ ನಿಂತು ಕರೆದನಂತೆ. ಎದ್ದು ಬರಲಿಲ್ಲ. ಮತ್ತೆ ಕರೆದನಂತೆ. ತಿರುಗಿಯೂ ನೋಡಲಿಲ್ಲ. ಆಕೆಗೆ ಬರುವ ಮನಸ್ಸಿಲ್ಲ, ಸಾವಿನ ಮನೆಗೆ ಒತ್ತಾಯ ಮಾಡಬಾರದು ಎಂದುಕೊಂಡು ಹೋದನಂತೆ. ಆಗಿನ್ನೂ ಅವಳ ಕಿವಿ ಅಷ್ಟು ಹೋಗಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಗೊತ್ತಾದಾಗ, ಅವತ್ತು ಕೇಳಿಸಿರಲಿಕ್ಕಿಲ್ಲ ಎಂದು ಅವನಿಗೇನೋ ಹೊಳೆಯಿತು. ಕರೆಯಲೇ ಇಲ್ಲವೆಂದು ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ನಾನು ಒಳಗೆ ಓಡಿದೆ. ಆಯಿಯ ಕಿವಿಯ ಹತ್ತಿರ ಬಾಯಿಟ್ಟು, ಅಜ್ಜ ನಿನ್ನನ್ನು ಕರೆದಿದ್ದನಂತೆ ಎಂದು ಒದರಿದೆ. ಆಯಿ ಕೈ ಬೀಸಿದಳು. ನೀನು ಯಾವತ್ತೂ ಅಜ್ಜನ ಕಡೆಯವಳು, ಅವರಿಗೆ ಬಾಯಿಲ್ಲವೇನು ಎಂದಳು. ಬ್ಯಾಗಿನ ಜಿಪ್ಪು ಎಳೆದಳು.

ಮತ್ತೆ ಹಿತ್ತಲಿಗೆ ಬಂದು ಅಜ್ಜನ ಕೈಗೆ ಡಬ್ಬಿ ಕೊಟ್ಟೆ. ಈ ಸಲ ಅವನು ಬೇಡ ಎನ್ನಲಿಲ್ಲ. ದನ ಕಟ್ಟುವ ಗೊಂತಿನ ಹತ್ತಿರ ಹೋಗಿ, ನನಗೆ ಬೆನ್ನು ಮಾಡಿ ನಿಂತ. ಎಷ್ಟೋ ಹೊತ್ತು ಅವನ ತುಟಿ ಆಡಿತು. ಇಷ್ಟೊಂದು ಮಾತು ಅವನಲ್ಲಿತ್ತೇ ಎಂದು ನಾನು ಬೆರಗಾಗಿ ನೋಡುತ್ತಿದ್ದೆ. ತಂದುಕೊಟ್ಟದ್ದನ್ನು ಕೇಳಿದರೆ ಏನೂ ಇಲ್ಲ. ಎಸ್‌ಟಿಡಿ ಬೂತಿನಲ್ಲಿ ಮಾತಾಡಿದ ರೂಢಿಯಂತೆ ಅವನು ಕಿವಿಯ ಗುಂಡನ್ನು ಬಾಯಿಗೆ ಹಿಡಿದಿದ್ದ, ಡಬ್ಬಿಯ ಗುಂಡಿಯನ್ನು ಒತ್ತಿರಲೇ ಇಲ್ಲ. ಡಬ್ಬಿಯೊಳಗೆ ಅವ್ವನ ರೊಟ್ಟಿ ಮಾತ್ರ ಇನ್ನೂ ಬಿಸಿಯಾಗಿತ್ತು.

ಇನ್ನೊಮ್ಮೆ ಹೇಳಬೇಕು ಎಂದಾಗ ಅಜ್ಜನ ಮುಖ ಬಾಡಿತು. ಗುಂಡಿಯನ್ನು ನಾನು ಒತ್ತಿ ಹಿಡಿಯಬೇಕು, ಅಂದರೆ ನಾನು ಪಕ್ಕದಲ್ಲಿ ಇರಲೇಬೇಕು. ಮೊಮ್ಮಗಳ ಮುಂದೆ ಹೆಂಡತಿಗೆ ಏನು ಹೇಳುವುದು? ಆಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು, ಡಬ್ಬಿ ಹಿಡಿದ ನನ್ನ ಕೈಯ ಮೇಲೆ ಹಾಕಿದ. ಮುಖ ಆ ಕಡೆ ಮಾಡು ಎಂದ. ನಾನು ಗೋಡೆ ನೋಡುತ್ತ ನಿಂತೆ. ಅಜ್ಜ ಬಗ್ಗಿ ಟವೆಲ್ಲಿನೊಳಗೆ ಮಾತಾಡಿದ.

"ಇಲ್ಲಿ ಕೇಳ. ಅವತ್ತ ನಾ ನಿನ್ನ ಕರದೆ. ಬಾಗಲದಾಗ ನಿಂತು ಎರಡ ಸಲ ಕರದೆ. ನಿನಗ ಕೇಳಿಸಲಿಲ್ಲ. ಒಳಗ ಬಂದು ಕೈ ಹಿಡದು ಎಬ್ಬಸಬೇಕಿತ್ತು, ನನಗ ತಿಳೀಲಿಲ್ಲ. ಅಣ್ಣನ ಮ್ಯಾಲೆ ಮಣ್ಣು ಹಾಕುವಾಗ ನಿನ್ನ ಹೆಸರಲೆ ಒಂದ ಹಿಡಿ ನಾನ ಹಾಕೀನಿ. ಸಿಟ್ಟು ಎಂದೂ ಇಲ್ಲ. ಹೋಗೂದಿದ್ರ ಹೋಗು. ಕರೀಲಿಲ್ಲಂತ ಮಾತ್ರ ಹೋಗಬ್ಯಾಡ."

ನಾನು ಗೋಡೆಯ ಕಡೆ ಮುಖ ಮಾಡಿಯೇ ಅತ್ತುಬಿಟ್ಟೆ. ಅಜ್ಜ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿಬಿಟ್ಟ.

ಆಯಿ ಪಡಸಾಲೆಯಲ್ಲಿ ಹೆಂಗಸರ ನಡುವೆ ಕೂತಿದ್ದಳು. ಕೈ ತೊಳೆದುಕೊಂಡು ಹೋಗಿ, ಮಾತಾಡದೆ ಅವಳ ಕಿವಿಗೆ ಗುಂಡು ಇಟ್ಟೆ. ಮೊದಲ ಮಾತು ಕೇಳುತ್ತಲೇ ಆಯಿ ತಟ್ಟನೆ ಎದ್ದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಗಂಡ ಬಂದು ಮಾತಾಡಿಸಿದಾಗ ಕೂತಿರಬಾರದು ಎಂಬ ಪದ್ಧತಿಯಲ್ಲಿ ಬೆಳೆದವಳು ಅವಳು. ಉಡಿಯಲ್ಲಿದ್ದ ಮೆಣಸಿನಕಾಯಿಯೆಲ್ಲ ಚೆಲ್ಲಾಪಿಲ್ಲಿಯಾಯಿತು. ಅಜ್ಜ ಎಲ್ಲೂ ಇರಲಿಲ್ಲ. ಆಯಿ ಸೆರಗು ಹಿಡಿದುಕೊಂಡೇ, ತಲೆ ತಗ್ಗಿಸಿ, ಇಲ್ಲದ ಮನುಷ್ಯನ ಮುಂದೆ ಕೊನೆಯತನಕ ನಿಂತು ಕೇಳಿದಳು. ಮತ್ತೊಮ್ಮೆ ಹಚ್ಚು ಎಂದು ಬೆರಳು ಎತ್ತಿದಳು. ಮತ್ತೆ ನಿಂತೇ ಕೇಳಿದಳು. ಹೆಂಗಸರು ತುಂಬು ಬಿಡಿಸುವುದನ್ನು ಬಿಟ್ಟು ನೋಡುತ್ತಿದ್ದರು.

ಅಜ್ಜ ಟವೆಲ್ಲಿನ ಕೆಳಗೆ ಮುಚ್ಚಿ ಹೇಳಿದ ಮಾತಿಗೆ ಆಯಿ ತನ್ನ ಪೂರ್ತಿ ದನಿಯಲ್ಲಿ ಉತ್ತರ ಕೊಟ್ಟಳು.

"ಕರದಿದ್ರಂತ! ನನ್ನ ಕರದಿದ್ರಂತ ಅವ್ರು! ನನ್ನ ಹೆಸರಲೆ ಮಣ್ಣ ಹಾಕ್ಯಾರಂತ!"

ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ ಅಜ್ಜನಿಗೂ ಕೇಳಿತು, ಅವನ ಪಕ್ಕ ಕೂತಿದ್ದ ಆ ಬುದ್ಧಿ ಹೇಳಿದ ಹಿರಿಯರಿಗೂ ಕೇಳಿತು. ಆಯಿ ಬಾಗಿಲಿಗೆ ಬಂದು ನಿಂತು ಮತ್ತೆ ಅದನ್ನೇ ಹೇಳಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಮೆಣಸಿನಕಾಯಿಯದಾಗಿತ್ತು. ಅವ್ವ ಹೋಗಿ ತನ್ನ ಸೆರಗಿನಿಂದ ಒರೆಸಿದಳು. ಅಜ್ಜ ತಲೆ ತಗ್ಗಿಸಿ ಚಪ್ಪಲಿ ನೋಡುತ್ತಿದ್ದ. ಅವನ ಕಿವಿಗಳು ಮಾತ್ರ ಕೆಂಪಾಗಿದ್ದವು.

ರವಿವಾರ ರಾಣೆಬೆನ್ನೂರಿನಿಂದ ಬಂದ ಅತ್ತೆ ಊಟ ಮಾಡಿ, ಒಂದು ಚೀಲ ಮೆಣಸಿನಕಾಯಿ ಹೊತ್ತುಕೊಂಡು, ಒಬ್ಬಳೇ ಹಿಂತಿರುಗಿದಳು. ಸುಮ್ಮನೆ ಬಸ್ಸಿನಲ್ಲಿ ಅಡ್ಡಾಡಿಸಿದಿರಿ ಎಂದು ನಮಗೆಲ್ಲ ಬೈದಳು, ಬೈಯುತ್ತಲೇ ನಕ್ಕಳು.

ನನ್ನ ಡಬ್ಬಿ ಆಮೇಲೆ ನನ್ನದಾಗಿ ಉಳಿಯಲಿಲ್ಲ. ಆಯಿಗೆ ಹಾಡು ಬೇಕಿರಲಿಲ್ಲ, ಅವರ ಮಾತು ಹಚ್ಚು ಎನ್ನುತ್ತಿದ್ದಳು. ಅಜ್ಜ ಗುಂಡಿ ಒತ್ತುವುದನ್ನು ಕಲಿತ. ದಿನಾ ಸಂಜೆ ಟವೆಲ್ಲು ಮುಚ್ಚಿಕೊಂಡು ಕೂತು, ಪೇಟೆಗೆ ಎಷ್ಟು ಮಾಲು ಬಂತು, ದಾರಿಯಲ್ಲಿ ಯಾರು ಸಿಕ್ಕಿದ್ದರು, ಯಾರು ಆಯಿಯನ್ನು ಕೇಳಿದರು, ಗಳಗನಾಥದ ಹೊಳೆಗೆ ನೀರು ಬಂದಿದೆಯೋ ಇಲ್ಲವೋ ಎಲ್ಲ ಹೇಳುತ್ತಿದ್ದ. ಐವತ್ತು ವರ್ಷ ಪಿಸುಮಾತಿನಲ್ಲಿ ಬದುಕಿದವನಿಗೆ ಇಷ್ಟು ಹರಟೆ ಎಲ್ಲಿತ್ತೋ! ಡಬ್ಬಿಯಲ್ಲಿ ಜಾಗ ಸಾಲದಾಯಿತು. ನಾನು ಒಂದೊಂದೇ ಹಾಡು ಅಳಿಸುತ್ತ ಬಂದೆ. ಕೊನೆಗೆ ಒಂದೂ ಉಳಿಯಲಿಲ್ಲ. ಹಾವೇರಿಯ ಬಸ್ಸಿನಲ್ಲಿ ಮತ್ತೆ ಕಂಡಕ್ಟರನ ಕೂಗು, ಕೂಸಿನ ಅಳು ಕೇಳುತ್ತ ಕೂಡುತ್ತಿದ್ದೆ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಬೇಜಾರೂ ಆಗಲಿಲ್ಲ.

ಇನ್ನೊಂದನ್ನು ನಾನು ಗಮನಿಸಿದ್ದು ಮುಂದಿನ ಸುಗ್ಗಿಯಲ್ಲಿ. ಪಡಸಾಲೆಯಲ್ಲಿ ಚೀಲ ಸುರಿದು ಎಲ್ಲರೂ ಕೂತಿದ್ದರು. ಆಯಿಯ ಜಾಗ ಅದೇ, ಆದರೆ ಅವಳು ತಿರುಗಿ ಕೂತಿದ್ದಳು. ಮುಖ ಬಾಗಿಲಿಗೆ. ಹಾಗೆ ಕೂತರೆ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಕೆಟ್ಟ ಕಾಯಿ ಕಾಣುವುದಿಲ್ಲ ಎಂದು ಅವ್ವ ಒದರಿ ಹೇಳಿದಳು. ಆಯಿ ಕೈಯ ಅಂದಾಜಿನಲ್ಲಿ ತುಂಬು ಮುರಿಯುತ್ತ, ಬಾಗಿಲಿನಿಂದ ಕಣ್ಣು ತೆಗೆಯದೆ ಹೇಳಿದಳು:

"ಅವ್ರು ಬಂದು ಕರದ್ರ ನನಗ ಕಾಣಬೇಕಲ್ಲವ್ವ."